ಒಳಗೆ ಬಿಟ್ಟ ಬಟ್ಟೆ

ಸ್ವರೂಪನ ಸೊಂಟ ನಲವತ್ತೆರಡು ಇಂಚಿನಿಂದ ಮೂವತ್ತಾರಕ್ಕೆ ಇಳಿದ ಕಥೆ ಇದು. ಕೇಳಿದವರು ಭೇಷ್ ಎನ್ನಬಹುದು. ಎನ್ನಬೇಡಿ, ಸ್ವಲ್ಪ ತಡೆಯಿರಿ.

ಬಸವನಗುಡಿಯ ಶಾಲೆಯೊಂದರ ಆಫೀಸಿನಲ್ಲಿ ಅವನು ಗುಮಾಸ್ತ. ಮೂವತ್ತನಾಲ್ಕು ವರ್ಷ, ನೂರ ಎರಡು ಕಿಲೋ. ಬೆಳಗ್ಗೆ ಖಾಲಿ ದೋಸೆ, ಸಂಜೆ ಗಾಂಧಿ ಬಜಾರಿನಲ್ಲಿ ಖಾರದ ಕಡಲೆಕಾಯಿಯ ಪೊಟ್ಟಣ, ಭಾನುವಾರ ಮನೆಯಲ್ಲಿ ಮುದ್ದೆ, ಕೋಳಿ ಸಾರು. ತನ್ನ ಮೈಯ ಬಗ್ಗೆ ಅವನಿಗೆ ನಾಚಿಕೆ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಪ್ಯಾಂಟು ಬಿಗಿಯಾದರೆ ತಾಯಿ ಸರಸ್ವತಮ್ಮ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು.

ಚಾಮರಾಜಪೇಟೆಯ ಅವರ ಬಾಡಿಗೆ ಮನೆಯ ಕಿಟಕಿಯ ಪಕ್ಕದಲ್ಲಿ ಸರಸ್ವತಮ್ಮನ ಹೊಲಿಗೆ ಯಂತ್ರ ಇತ್ತು. ಗಂಡ ಪುಟ್ಟಯ್ಯ ಹರ್ನಿಯಾದ ಸಣ್ಣ ಆಪರೇಷನ್ನಿಗೆಂದು ಒಳಗೆ ಹೋದವರು ಹೊರಗೆ ಬರಲಿಲ್ಲ. ಅಂದಿನಿಂದ ಅವಳು ರವಿಕೆ ಹೊಲಿದು, ಸೀರೆಗೆ ಫಾಲ್ ಹಚ್ಚಿ, ಹೊಟ್ಟೆಬಟ್ಟೆ ಕಟ್ಟಿ ಇಬ್ಬರು ಮಕ್ಕಳನ್ನು ಸಾಕಿದಳು. ಅವಳ ಹೊಲಿಗೆಗೆ ಒಂದು ಕಟ್ಟುಪಾಡು: ಏನೇ ಹೊಲಿದರೂ ಒಳಗೆ ಬಟ್ಟೆ ಬಿಡಬೇಕು. ಎರಡೂ ಬದಿಗೆ ಒಂದೊಂದು ಇಂಚು ಮಡಿಸಿ, ಒಳಗೆ ಅಡಗಿಸಿಡಬೇಕು.

"ಮೈ ಒಂದೇ ಥರ ಇರಲ್ಲ. ಇವತ್ತು ಇಳಿಯುತ್ತೆ, ನಾಳೆ ಬರುತ್ತೆ," ಎನ್ನುತ್ತಿದ್ದಳು. "ಬಟ್ಟೆ ಕತ್ತರಿಸಿ ಬಿಸಾಕಿದ್ರೆ ಆಮೇಲೆ ಎಲ್ಲಿಂದ ತರ್ತೀಯ?"

ಇಂಥ ಕಣ್ಣಿದ್ದವಳು ಮಗಳ ವಿಷಯದಲ್ಲಿ ಮೋಸ ಹೋದಳು. ವಾಣಿ ಸ್ವರೂಪನಿಗಿಂತ ಐದು ವರ್ಷ ಚಿಕ್ಕವಳು, ಮಲ್ಲೇಶ್ವರದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಕಳೆದ ವರ್ಷ ಅವಳ ರವಿಕೆಗಳು ಸಡಿಲವಾಗತೊಡಗಿದವು. ಸರಸ್ವತಮ್ಮ ಆರು ತಿಂಗಳಲ್ಲಿ ಮೂರು ಸಲ ಹಿಡಿದು ಹೊಲಿದಳು. ಹೊಲಿಯುವಾಗೆಲ್ಲ ಸಂತೋಷಪಟ್ಟಳು, ಹುಡುಗಿ ತೆಳ್ಳಗಾಗುತ್ತಿದ್ದಾಳೆ, ಇನ್ನು ಗಂಡು ಸಿಗುವುದು ಸುಲಭ ಎಂದು ನೆರೆಮನೆಯವರ ಹತ್ತಿರ ಹೇಳಿಕೊಂಡಳು. ನಾಲ್ಕನೆಯ ಸಲ ಹಿಡಿಯುವ ಹೊತ್ತಿಗೆ ವಾಣಿಯ ಕಣ್ಣು ಅರಿಶಿನವಾಗಿತ್ತು. ಆಸ್ಪತ್ರೆಯಲ್ಲಿ ಲಿವರ್ ಪೂರ್ತಿ ಕೆಟ್ಟಿದೆ ಎಂದರು. ಆಮೇಲೆ ಸರಸ್ವತಮ್ಮ ಆ ಮೂರು ಹೊಲಿಗೆಗಳ ವಿಷಯ ಬಾಯಿಬಿಟ್ಟು ಆಡಲಿಲ್ಲ. ಮಗಳ ರವಿಕೆಗಳನ್ನು ಮಾತ್ರ ಬೀರುವಿನ ತಳಕ್ಕೆ ತಳ್ಳಿದಳು.

ಬೇರೆ ಲಿವರ್ ಹಾಕಬೇಕು. ತೀರಿಹೋದವರು ದಾನ ಮಾಡಿದ್ದು ಬರುತ್ತದೆ ಎಂದು ಕಾಯುವವರ ಪಟ್ಟಿಯಲ್ಲಿ ವಾಣಿಯ ಹೆಸರು ಬರೆಸಿದರು. ಆ ಪಟ್ಟಿ ಉದ್ದವಿತ್ತು. ಇನ್ನೊಂದು ದಾರಿ, ಮನೆಯವರೇ ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಡುವುದು. ಜನವರಿಯಲ್ಲಿ ಡಾಕ್ಟರಮ್ಮ ಈ ಮಾತು ಎತ್ತಿದಾಗ ಸರಸ್ವತಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

"ನಂದು ತಗೊಳ್ಳಿ."

"ನಿಮಗೆ ಅರವತ್ತಮೂರು ವರ್ಷ, ಶುಗರ್ ಬೇರೆ ಇದೆ. ಆಗಲ್ಲಮ್ಮ."

"ಹಾಗಾದ್ರೆ ಬೇಡ. ಒಂದು ಮಗೂನ ಉಳಿಸೋಕೆ ಇನ್ನೊಂದು ಮಗೂನ ಕೊಯ್ಯೋಕೆ ನಾನು ಬಿಡಲ್ಲ. ಇವರಪ್ಪ ಹೋಗಿದ್ದು ಸಾಕು. ಪಟ್ಟೀಲಿ ಹೆಸರು ಬರಲಿ, ಕಾಯ್ತೀವಿ."

ಸ್ವರೂಪ ತಾಯಿಯನ್ನು ಮನೆಗೆ ಕರೆದುಕೊಂಡು ಬಂದ. ಮಾರನೆಯ ದಿನ ಒಬ್ಬನೇ ಹೋಗಿ ಡಾಕ್ಟರಮ್ಮನ ಮುಂದೆ ಕುಳಿತ. ರಕ್ತದ ಗುಂಪು ಹೊಂದಿತು, ವಯಸ್ಸು ಹೊಂದಿತು. ಹೊಂದದೆ ಹೋದದ್ದು ಅವನ ಕೊಬ್ಬು. ಸ್ಕ್ಯಾನಿನಲ್ಲಿ ಲಿವರಿನ ತುಂಬ ಕೊಬ್ಬು ಕಾಣಿಸಿತು. ಇಂಥದ್ದನ್ನು ಕತ್ತರಿಸಿ ಹಾಕಿದರೆ ತಂಗಿಗೂ ನಿಲ್ಲುವುದಿಲ್ಲ, ಅವನಿಗೂ ಅಪಾಯ. ಎಂಬತ್ತೆರಡು ಕಿಲೋಗೆ ಇಳಿಯಬೇಕು, ಸ್ಕ್ಯಾನ್ ಶುದ್ಧವಾಗಬೇಕು. ವಾಣಿಗೆ ಐದಾರು ತಿಂಗಳಿಗಿಂತ ಹೆಚ್ಚು ಸಮಯವಿಲ್ಲ.

"ಅಮ್ಮನಿಗೆ ಹೇಳಬೇಡಿ," ಎಂದ ಸ್ವರೂಪ.

"ಕೊನೇಲಿ ಅವರ ಸಹಿ ಬೇಕಾಗುತ್ತೆ."

"ಕೊನೇಲಿ ಹೇಳ್ತೀನಿ. ಈಗ್ಲೇ ಹೇಳಿದ್ರೆ ದಿನಾ ಅಡ್ಡ ಹಾಕ್ತಾರೆ. ಊಟ ಮಾಡು ಊಟ ಮಾಡು ಅಂತ ಪ್ರಾಣ ತಿಂತಾರೆ."

ವಾಣಿಗೆ ಮಾತ್ರ ಹೇಳಿದ. ಅವಳೂ ಅಮ್ಮನಿಗೆ ಹೇಳುವುದು ಬೇಡ ಎಂದಳು. ಹೀಗೆ ಒಂದೇ ಸೂರಿನ ಕೆಳಗೆ ಅಣ್ಣ ತಂಗಿ ಸೇರಿ ತಾಯಿಯಿಂದ ಒಂದು ವಿಷಯ ಮುಚ್ಚಿಟ್ಟರು. ಒಳ್ಳೆಯದಕ್ಕೇ ಮುಚ್ಚಿಟ್ಟರು, ಅದನ್ನು ಬೇರೆ ಹೇಳಬೇಕೆ.

ತಿಂಡಿ ನಿಲ್ಲಿಸಿದ, ಅನ್ನ ಬಿಟ್ಟ, ಸಕ್ಕರೆ ಬಿಟ್ಟ. ಬೆಳಗ್ಗೆ ಐದಕ್ಕೆ ಎದ್ದು ಚಾಮರಾಜಪೇಟೆಯಿಂದ ಬಸವನಗುಡಿಗೆ ನಡೆದು, ಬ್ಯೂಗಲ್ ರಾಕಿನ ಉದ್ಯಾನದಲ್ಲಿ ಸುತ್ತುಹಾಕಿ, ಅಲ್ಲಿಂದ ನೇರ ಶಾಲೆಗೆ ಹೋಗುತ್ತಿದ್ದ. ತಾಯಿ ಕೇಳಿದಾಗ, "ಶುಗರ್ ಬಾರ್ಡರಲ್ಲಿದೆ ಅಂದ್ರು ಅಮ್ಮ, ಎಣ್ಣೆ ತುಪ್ಪ ಹಾಕ್ಬೇಡ," ಎಂದ. ದಿನಕ್ಕೆ ಮೂರು ರಾಗಿ ರೊಟ್ಟಿ, ಸೊಪ್ಪಿನ ಸಾರು, ಮಜ್ಜಿಗೆ. ಇಷ್ಟನ್ನೇ ಮಾಡಿಕೊಡು ಎಂದ. ಫೆಬ್ರವರಿ ಕಳೆಯುವ ಹೊತ್ತಿಗೆ ಒಂಬತ್ತು ಕಿಲೋ ಇಳಿದಿತ್ತು.

ಈಗ ಬಟ್ಟೆಯ ಕಷ್ಟ ಶುರುವಾಯಿತು. ಇಳಿಯುವ ಮೈಗೆ ಹೊಸ ಬಟ್ಟೆ ಕೊಳ್ಳುವಂತಿಲ್ಲ, ಕೊಂಡದ್ದು ಮುಂದಿನ ತಿಂಗಳು ಗೋಣಿಚೀಲ. ಕೊಳ್ಳುವ ಶಕ್ತಿಯೂ ಇರಲಿಲ್ಲ, ಮನೆಯ ಕಾಸೆಲ್ಲ ಆಸ್ಪತ್ರೆಯ ಪಾಲಾಗುತ್ತಿತ್ತು. ಮೊದಲು ಬೆಲ್ಟಿಗೆ ಮೊಳೆಯಿಂದ ತೂತು ಕೊರೆದ. ಒಂದು, ಎರಡು, ಐದು ತೂತು. ಬಿಗಿದಾಗ ಪ್ಯಾಂಟಿನ ಸೊಂಟ ಸುತ್ತಲೂ ನೆರಿಗೆಗಟ್ಟಿ, ಹಿಂದುಗಡೆ ಜೋಲಿಯಂತೆ ಇಳಿಬಿದ್ದಿತು. ಅಂಗಿಯ ಭುಜ ಮೊಣಕೈ ಕಡೆಗೆ ಜಾರಿತು. ಭುಜ ಸರಿಮಾಡುವುದು ದೊಡ್ಡ ಕೆಲಸವೆಂದು ಶರಟಿನ ಮೇಲೊಂದು ತೋಳಿಲ್ಲದ ಸ್ವೆಟರ್ ಹಾಕಿಕೊಂಡ. ಬೆಂಗಳೂರಿನ ಮಾರ್ಚಿನಲ್ಲಿ ಸ್ವೆಟರ್! ಆಫೀಸಿನ ಹಿರಿಯ ಕ್ಲರ್ಕ್ ಶಕುಂತಲಮ್ಮ ಕನ್ನಡಕದ ಮೇಲಿಂದ ನೋಡಿ ನಗುತ್ತಿದ್ದರು.

"ಏನ್ರೀ ಸ್ವರೂಪ್, ಹೀರೋ ಆಗ್ಬಿಟ್ರಿ. ಅದೇನು ಗುಟ್ಟು ನಮಗೂ ಹೇಳಿ."

ಅವನು ನಕ್ಕು ಫೈಲು ತೆರೆಯುತ್ತಿದ್ದ.

ಮನೆಯಲ್ಲಿ ಮಾತ್ರ ಅವನು ಮೈ ಇಳಿದಿರುವುದು ಕಾಣದ ಹಾಗೆ ನೋಡಿಕೊಂಡ. ಬಂದ ತಕ್ಷಣ ಪಂಚೆ ಸುತ್ತಿಕೊಳ್ಳುತ್ತಿದ್ದ. ಪಂಚೆ ಎಂಥ ಸೊಂಟಕ್ಕೂ ಆಗುತ್ತದೆ, ಅಳತೆಯ ಹಂಗಿಲ್ಲ. ಮೇಲೆ ಹಳೆಯ ದೊಗಲೆ ಟೀ ಶರ್ಟು. ಪ್ಯಾಂಟು ಹಿಡಿಸುವುದಕ್ಕೆ ತಾಯಿಯ ಯಂತ್ರ ಎದುರಿಗೇ ಇದ್ದರೂ ಚಿಕ್ಕಪೇಟೆಗೆ ಹೋದ.

ಅಲ್ಲಿ ಸಗಟು ಬಟ್ಟೆಯಂಗಡಿಗಳ ಸಂದಿಯಲ್ಲಿ, ಒಂದು ಮೆಟ್ಟಿಲಿನ ಕೆಳಗೆ ರಾಮಸ್ವಾಮಿ ಎಂಬ ಮುದುಕ ಯಂತ್ರ ಇಟ್ಟುಕೊಂಡು ಕೂರುತ್ತಿದ್ದ. ಹೊಸದೇನೂ ಹೊಲಿಯುತ್ತಿರಲಿಲ್ಲ, ಉದ್ದ ಕಡಿಮೆ ಮಾಡುವುದು, ಸೊಂಟ ಹಿಡಿಯುವುದು ಅಷ್ಟೆ. ಮೂಟೆ ಹೊತ್ತ ಹಮಾಲಿಗಳು ಅವನ ಮೊಣಕಾಲು ಸವರಿಕೊಂಡೇ ಓಡಾಡುತ್ತಿದ್ದರು.

"ಎರಡು ಇಂಚು ಹಿಡೀಬಹುದು. ಅದಕ್ಕಿಂತ ಜಾಸ್ತಿ ಹಿಡಿದ್ರೆ ಹಿಂದಿನ ಜೇಬೆರಡೂ ಒಂದಕ್ಕೊಂದು ತಾಗ್ತವೆ," ಎಂದ ರಾಮಸ್ವಾಮಿ. "ಐದು ಪ್ಯಾಂಟೂ ಕೊಡ್ಬೇಡಿ. ಎರಡನ್ನ ಹಿಡಿಸ್ಕೊಳ್ಳಿ, ಆಫೀಸಿಗೆ ಹಾಕಿ. ಪೂರ್ತಿ ಇಳಿದ ಮೇಲೆ ಉಳಿದಿದ್ದು ನೋಡೋಣ."

ಮಾರ್ಚಿನ ಕೊನೆಯ ಶನಿವಾರ ಅವನು ಅದೇ ಎರಡು ಪ್ಯಾಂಟುಗಳನ್ನು ಎರಡನೆಯ ಸಲ ತೆಗೆದುಕೊಂಡು ಹೋದ. ಅಂದು ಬೆಳಗ್ಗೆ ತೂಕ ಎಂಬತ್ತೆಂಟು ಬಂದಿತ್ತು. ಇನ್ನು ಆರು ಕಿಲೋ. ಹುಮ್ಮಸ್ಸಿನಲ್ಲಿದ್ದ.

"ಜೇಬು ತಾಗಿದ್ರೆ ತಾಗಲಿ. ಈ ಸಲ ಒಳಗೆ ಬಟ್ಟೆ ಬಿಡಬೇಡಿ ಸ್ವಾಮಿ. ಕತ್ತರಿಸಿಬಿಡಿ."

ರಾಮಸ್ವಾಮಿ ಕತ್ತರಿ ಎತ್ತಿಕೊಳ್ಳಲಿಲ್ಲ. "ಯಾಕ್ರೀ? ಒಳಗೆ ಬಿಟ್ಟಿರ್ತೀನಿ. ನಾಳೆ ಮೈ ಬಂದ್ರೆ ಬೇಕಾಗುತ್ತೆ."

"ಮೈ ಬರಬಾರದು. ಅದಕ್ಕೇ ಕತ್ತರಿಸಿ."

ಅದು ಅವನ ಹರಕೆ. ಹಿಂದಕ್ಕೆ ಹೋಗುವ ದಾರಿಯನ್ನೇ ಮುಚ್ಚಿಬಿಟ್ಟರೆ ಹಸಿವು ಅರ್ಧಕ್ಕರ್ಧ ಕಡಿಮೆಯಾದೀತು ಎಂದುಕೊಂಡ. ಮುದುಕ ಒಲ್ಲದ ಮನಸ್ಸಿನಿಂದ ಕತ್ತರಿಸಿದ. ನಾಲ್ಕು ಬೆರಳಗಲದ ಕಪ್ಪು ಬಟ್ಟೆಯ ಚೂರುಗಳು ಮೆಟ್ಟಿಲ ಕೆಳಗೆ ಬಿದ್ದವು. ಸ್ವರೂಪ ಅಷ್ಟು ಖುಷಿಯಾಗಿ ಮನೆಗೆ ನಡೆದದ್ದು ಆ ವರ್ಷದಲ್ಲಿ ಅದೊಂದೇ ದಿನ.

ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುತ್ತಿದ್ದ, ತಾಯಿಯ ಕೈಗೆ ಸಿಗಬಾರದೆಂದು. ಆದರೆ ಮುಂದಿನ ವಾರ ವಾಣಿಗೆ ರಕ್ತವಾಂತಿಯಾಗಿ ಗಡಿಬಿಡಿಯಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಪ್ಯಾಂಟು ತಂತಿಯ ಮೇಲೆ ಒಳಮೈ ಹೊರಗಾಗಿ ಒಣಗುತ್ತಿದ್ದದ್ದು ಅವನಿಗೆ ನೆನಪಾದದ್ದು ಮೂರನೆಯ ದಿನ. ಮನೆಗೆ ಓಡಿ ಬಂದರೆ, ಅದು ಇಸ್ತ್ರಿಯಾಗಿ, ಮಡಿಸಿ, ಮಂಚದ ಮೇಲಿತ್ತು. ಸರಸ್ವತಮ್ಮ ಒಂದು ಮಾತೂ ಕೇಳಲಿಲ್ಲ. ಸದ್ಯ ಅಮ್ಮ ಗಮನಿಸಿಲ್ಲ ಎಂದು ಸ್ವರೂಪ ನಿಟ್ಟುಸಿರು ಬಿಟ್ಟ. ಇಪ್ಪತ್ತೈದು ವರ್ಷ ಬಟ್ಟೆಯ ಒಳಮೈಯನ್ನೇ ನೋಡಿ ಬದುಕಿದ ಹೆಂಗಸು ಗಮನಿಸಿಲ್ಲ ಎಂದುಕೊಂಡ, ಪೆದ್ದ.

ಏಪ್ರಿಲಿನಲ್ಲಿ ತೂಕ ಇಳಿಯುವುದು ನಿಂತಿತು.

ಎಂಬತ್ತೆಂಟು. ಒಂದು ವಾರ ಬಿಟ್ಟು ನೋಡಿದರೂ ಎಂಬತ್ತೆಂಟು. ನಡಿಗೆ ಹೆಚ್ಚಿಸಿದ, ಸಂಜೆಯೂ ನಡೆದ. ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ಕೊಟ್ಟರೆ ಮುಟ್ಟಲಿಲ್ಲ. ಮೂರು ರೊಟ್ಟಿ ಎರಡಾಯಿತು. ಹೊರಗಿನದು ಒಂದು ತೊಟ್ಟು ಕಾಫಿಯೂ ಇಲ್ಲ, ಮನೆಯ ಡಬ್ಬಿ ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಲಿಲ್ಲ. ಶಕುಂತಲಮ್ಮ ಒಂದು ದಿನ ಅವನ ಡಬ್ಬಿಯಿಂದ ರೊಟ್ಟಿಯ ಒಂದು ತುಂಡು ಮುರಿದು ತಿಂದರು.

"ಮಧ್ಯಾಹ್ನ ಆದ್ರೂ ಹತ್ತಿ ಥರ ಮೆತ್ತಗಿದೆಯಲ್ರೀ. ನಮ್ಮನೇದು ಚಪ್ಪಡಿಕಲ್ಲು. ನಿಮ್ಮಮ್ಮನ ಕೈ ಕೈಯೇ."

"ಒಂದು ಹನಿ ಎಣ್ಣೆ ಹಾಕಲ್ಲ ಮೇಡಂ," ಎಂದ ಸ್ವರೂಪ ಹೆಮ್ಮೆಯಿಂದ.

ಆಸ್ಪತ್ರೆಯಲ್ಲಿ ವಾಣಿಯ ಮೈ ತಿರುವುಮುರುವಾಗಿತ್ತು. ತೋಳು ಕಡ್ಡಿ, ಕೆನ್ನೆ ಗುಳಿ, ಹೊಟ್ಟೆ ಮಾತ್ರ ನೀರು ತುಂಬಿ ಬಸುರಿಯ ಹೊಟ್ಟೆ. ಅವಳ ಯಾವ ಚೂಡಿದಾರವೂ ಆಗುತ್ತಿರಲಿಲ್ಲ. ನೈಟಿ ಹಾಕಿದರೆ ನಳಿಕೆಗಳಿಗೆ ತೊಡಕು. ಸ್ವರೂಪ ತನ್ನ ಹಳೆಯ ಅಂಗಿಗಳನ್ನು ತಂದುಕೊಟ್ಟ. ಮುಂದೆ ಗುಂಡಿ ಇದ್ದದ್ದರಿಂದ ನರ್ಸುಗಳಿಗೂ ಸಲೀಸು. ನೀಲಿ ಚೌಕುಳಿಯ ಅಂಗಿಯೊಂದು ಅವಳಿಗೆ ಬಹಳ ಹಿಡಿಸಿತು.

"ನಿನ್ನ ಹೊಟ್ಟೆ ನಂಗೆ ಕೊಟ್ಬಿಟ್ಟೆ ನೋಡು," ಎಂದು ಗುಂಡಿ ಹಾಕಿಕೊಳ್ಳುತ್ತ ನಕ್ಕಳು. "ಇನ್ನೊಂದು ಕೊಡೋದು ಬಾಕಿ."

"ಇನ್ನು ಆರೇ ಕಿಲೋ, ವಾಣಿ."

ಏಪ್ರಿಲ್ ಮುಗಿಯುವಾಗಲೂ ಆರೇ ಕಿಲೋ ಬಾಕಿ ಇತ್ತು. ಸ್ಕ್ಯಾನ್ ಮಾಡಿ ನೋಡಿದ ಡಾಕ್ಟರಮ್ಮ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಅಂದು ಮಾತು, ಸರಸ್ವತಮ್ಮ ಇಲ್ಲದ ಹೊತ್ತು ನೋಡಿ, ವಾಣಿಯ ಹಾಸಿಗೆಯ ಪಕ್ಕದಲ್ಲೇ ನಡೆಯಿತು.

"ಮೊದಲ ಎರಡು ತಿಂಗಳು ಎಷ್ಟು ಚೆನ್ನಾಗಿ ಕಡಿಮೆಯಾಗಿತ್ತು. ಈಗ ಕೊಬ್ಬು ಇದ್ದಲ್ಲೇ ಇದೆ. ಏನು ತಿಂತಿದೀರ ನಿಜ ಹೇಳಿ ಸ್ವರೂಪ್."

"ರಾಗಿ ರೊಟ್ಟಿ, ಸೊಪ್ಪು, ಮಜ್ಜಿಗೆ. ಬೇರೆ ಏನೂ ಇಲ್ಲ."

"ಅಷ್ಟೇ ತಿಂದ್ರೆ ಹೀಗಾಗಲ್ಲ. ನಾನು ಬೈಯೋಕೆ ಕೇಳ್ತಿಲ್ಲ."

"ದೇವರಾಣೆ ಮೇಡಂ."

ಡಾಕ್ಟರಮ್ಮ ನಂಬಲಿಲ್ಲ. ಇನ್ನೂ ಹದಿನೈದು ದಿನ ನೋಡೋಣ ಎಂದು ಹೊರಟರು. ಸ್ವರೂಪ ತಂಗಿಯ ಮುಖ ನೋಡಿದ. ಅವಳು ಅವನ ಮುಂಗೈ ಹಿಡಿದುಕೊಂಡಳು. ಆ ಬೆರಳುಗಳಲ್ಲಿ ಬಲವೇ ಇರಲಿಲ್ಲ.

"ಅಣ್ಣ, ಹಸಿವು ತಡ್ಕೊಳ್ಳೋದು ಕಷ್ಟ, ನಂಗೊತ್ತು. ನೀನು ಏನಾದ್ರೂ ತಿಂದಿದ್ರೂ ನಂಗೆ ಬೇಜಾರಿಲ್ಲ ಕಣೋ. ಇಷ್ಟು ಮಾಡಿದ್ದೇ ಜಾಸ್ತಿ."

"ತಿಂದಿಲ್ಲ ವಾಣಿ. ನಿನ್ನಾಣೆ ತಿಂದಿಲ್ಲ."

"ಆಯ್ತು ಬಿಡು," ಎಂದಳು, ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ.

ಅವಳು ನಂಬಿರಲಿಲ್ಲ. ನಂಬದೆಯೇ ಕ್ಷಮಿಸಿದ್ದಳು. ಅದು ಅವನ ಎದೆಗೆ ನಾಟಿತು. ಅಂದಿನಿಂದ ಅವನಿಗೆ ತನ್ನ ಮೇಲೆಯೇ ಅನುಮಾನ ಹುಟ್ಟಿತು, ನಿದ್ದೆಗಣ್ಣಲ್ಲಿ ಎದ್ದು ತಿನ್ನುತ್ತಿದ್ದೇನೆಯೇ ಎಂದು ಅಡುಗೆಮನೆಯ ಡಬ್ಬಗಳನ್ನು ಗುರುತಿಟ್ಟು ನೋಡಿದ. ಎರಡು ರೊಟ್ಟಿಯನ್ನು ಒಂದಕ್ಕಿಳಿಸಿದ. ತಾಯಿಗೆ ಎಲ್ಲ ಹೇಳಿಬಿಡಲೇ ಎಂದು ಒಂದೆರಡು ಸಲ ಬಾಯಿ ತೆರೆದ. ತೂಕವೇ ಇಳಿಯದಿರುವಾಗ ಹೇಳಿ ಯಾವ ಪುರುಷಾರ್ಥಕ್ಕೆ ಎಂದು ಮುಚ್ಚಿದ. ಸರಸ್ವತಮ್ಮ ತಟ್ಟೆಯ ಎದುರು ಕುಳಿತು ಅವನು ತಿನ್ನುವ ಒಂದೊಂದು ತುತ್ತನ್ನೂ ನೋಡುತ್ತಿದ್ದಳು.

"ಮಜ್ಜಿಗೆಯನ್ನಾದ್ರೂ ಪೂರ್ತಿ ಕುಡಿ," ಎನ್ನುತ್ತಿದ್ದಳು. ಅವನು ಕುಡಿಯುತ್ತಿದ್ದ.

ಹದಿನೈದು ದಿನ ತುಂಬಲಿಲ್ಲ. ಹನ್ನೊಂದನೆಯ ದಿನ ವಾಣಿಗೆ ಹೊಟ್ಟೆಯ ನೀರಿಗೆ ನಂಜಾಯಿತು. ಮತ್ತೆರಡು ದಿನಕ್ಕೆ, ಮಧ್ಯಾಹ್ನದ ಹೊತ್ತು, ತೀರಿಕೊಂಡಳು. ಅಂದು ಬೆಳಗ್ಗೆ ಅವನ ತೂಕ ಎಂಬತ್ತೇಳೂವರೆ ಇತ್ತು. ಆಸ್ಪತ್ರೆಯವರು ಅವಳ ಮೈಮೇಲಿದ್ದ ನೀಲಿ ಅಂಗಿಯನ್ನು ಮಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸ್ವರೂಪನ ಕೈಗೆ ಕೊಟ್ಟರು. ಅವನು ಅಳಲಿಲ್ಲ. ಅಳುವುದಕ್ಕೂ ತನಗೆ ಹಕ್ಕಿಲ್ಲ ಎನಿಸಿತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿದು, ಬಂದವರೆಲ್ಲ ಹೋದ ಮಾರನೆಯ ಬೆಳಗ್ಗೆ, ಸರಸ್ವತಮ್ಮ ಯಂತ್ರದ ಮುಸುಕು ತೆಗೆದಳು. ಮಗನನ್ನು ಕರೆದು ಎದುರಿಗೆ ನಿಲ್ಲಿಸಿ, ಪಂಚೆಯ ಮೇಲಿಂದಲೇ ಸೊಂಟಕ್ಕೆ ಟೇಪು ಸುತ್ತಿದಳು.

"ಮೂವತ್ತಾರು," ಎಂದಳು. ಮತ್ತೊಮ್ಮೆ ಸುತ್ತಿ ನೋಡಿದಳು. "ಮೂವತ್ತಾರೇ. ಸದ್ಯ."

ಅವಳ ಮಡಿಲಲ್ಲಿ ಅವನ ಆಫೀಸಿನ ಕಪ್ಪು ಪ್ಯಾಂಟಿತ್ತು, ಒಳಮೈ ಹೊರಗಾಗಿ. ರಾಮಸ್ವಾಮಿಯ ಹೊಲಿಗೆಯನ್ನೆಲ್ಲ ಆಗಲೇ ಬಿಚ್ಚಿದ್ದಳು.

"ನಿಂಗೆ ಅಮ್ಮ ಕುರುಡಿ ಅನ್ನಿಸ್ತಾ ಮಗಾ? ಈ ಹೊಲಿಗೆ ನಂದಲ್ಲ ಅಂತ ನಂಗೆ ತಿಳಿಯಲ್ವಾ? ಶುಗರ್ ಅಂದೆ, ನಡೀತೀನಿ ಅಂದೆ, ನಂಬಿದ್ದೆ. ಆವತ್ತು ಇದನ್ನ ತಂತಿ ಮೇಲಿಂದ ತೆಗೆದೆ ನೋಡು, ಎದೆ ಧಸಕ್ ಅಂತು. ಒಳಗೆ ಬಟ್ಟೇನೇ ಇಲ್ಲ. ಕತ್ತರಿಸಿ ಬಿಸಾಕಿದಾನೆ. ನೀನೇ ಹೇಳಿ ಕತ್ತರಿಸಿರ್ತೀಯ, ಇಲ್ಲದಿದ್ರೆ ಯಾವ ದರ್ಜಿಯೂ ಹಾಗ್ ಮಾಡಲ್ಲ. ಮತ್ತೆ ಮೈ ಬರಲ್ಲ ಅಂತ ಗೊತ್ತಿರೋರು ತಾನೇ ಹಾಗ್ ಮಾಡ್ಸೋದು? ವಾಣಿಗೆ ಬಂದಿದ್ದೇ ನಿಂಗೂ ಬಂದಿದೆ, ನಂಗೆ ಹೇಳದೆ ಮುಚ್ಚಿಡ್ತಿದೀಯ ಅಂತ ಅರ್ಥ ಆಯ್ತು."

"ಅಮ್ಮ, ನಂಗೆ ಏನೂ..."

"ಸುಮ್ನಿರು. ಅವಳ ರವಿಕೆ ಮೂರು ಸಲ ಹಿಡಿದೆ ನಾನು. ಈ ಕೈಯಲ್ಲೇ. ಚೆನ್ನಾಗಿ ಕಾಣ್ತೀಯ ಕಣೆ ಅಂತ ನಗ್ತಾ ಹಿಡಿದೆ. ಇನ್ನೊಂದು ಸಲ ಹಾಗಾಗೋಕೆ ಬಿಡಲ್ಲ ಅಂತ ದೇವರ ಮುಂದೆ ಹೇಳ್ಕೊಂಡೆ." ಅವಳು ಸೂಜಿಗೆ ದಾರ ಪೋಣಿಸಿದಳು. "ನೀನು ಎಣ್ಣೆ ಬೇಡ, ತುಪ್ಪ ಬೇಡ ಅಂದೆ. ಹೇಳಿದ್ರೆ ತಿಂತಿರ್ಲಿಲ್ಲ. ರೊಟ್ಟಿ ಹಿಟ್ಟಿಗೆ ನಿಂಬೆಹಣ್ಣಿನಷ್ಟು ಬೆಣ್ಣೆ ಹಾಕಿ ನಾದಿದೆ. ಸಾರಿಗೆ ಕಡಲೆಕಾಯಿ ನುಣ್ಣಗೆ ಅರೆದು ಹಾಕಿದೆ. ಮಜ್ಜಿಗೆ ಅಂತ ಕೆನೆಮೊಸರೇ ಕದಡಿ ಕೊಟ್ಟೆ. ನೀನು ರೊಟ್ಟಿ ಕಮ್ಮಿ ಮಾಡಿದ ಹಾಗೆ ನಾನು ಬೆಣ್ಣೆ ಜಾಸ್ತಿ ಮಾಡಿದೆ. ಒಂದು ದಿನ ತಪ್ಪಿಸಲಿಲ್ಲ."

ಹೊರಗೆ ಬೀದಿಯಲ್ಲಿ ಹೂವಿನವಳು ಕೂಗುತ್ತಿದ್ದಳು. ಸ್ವರೂಪ ಗೋಡೆಗೆ ಕೈಕೊಟ್ಟು ನಿಂತ. ತಾಯಿ ತಲೆಯೆತ್ತಿ ಅವನನ್ನು ನೋಡಿದಳು. ಹನ್ನೆರಡು ದಿನ ಅತ್ತು ಊದಿದ ಆ ಮುಖದಲ್ಲಿ, ಮಗಳು ಹೋದ ಮೇಲೆ ಮೊದಲ ಸಲ, ಒಂದಿಷ್ಟು ಬೆಳಕು ಕಂಡಿತು.

"ಇಳಿಯೋದು ನಿಂತ್ಹೋಯ್ತಲ್ಲ? ಆವತ್ತಿಂದ ಸೊಂಟ ಒಂದು ಇಂಚೂ ಇಳಿದಿಲ್ಲ. ಅವಳನ್ನ ಉಳಿಸ್ಕೊಳ್ಳೋಕಾಗಲಿಲ್ಲ. ನಿನ್ನನ್ನ ಉಳಿಸ್ಕೊಂಡೆ. ಹೌದೋ ಅಲ್ವೋ ಹೇಳು."

ಹೇಳಲು ಅವನ ಹತ್ತಿರ ಒಂದೇ ಮಾತಿತ್ತು. ನಾನು ತಿಂದಿರಲಿಲ್ಲ ವಾಣಿ ಎಂದು ಅವನು ಯಾರ ಮುಂದಾದರೂ ಕಿರುಚಬೇಕಾಗಿತ್ತು, ಕೇಳಬೇಕಾದವಳು ಇರಲಿಲ್ಲ. ಇದ್ದವಳಿಗೆ ಹೇಳಿದರೆ ಇವಳೂ ಉಳಿಯುವುದಿಲ್ಲ. ಮುಚ್ಚಿಡುವುದನ್ನು ಶುರುಮಾಡಿದವನು ತಾನೇ, ಇನ್ನು ಸಾಯುವವರೆಗೆ ಮುಚ್ಚಿಡಬೇಕಾದವನೂ ತಾನೇ ಎಂದು ಅವನಿಗೆ ತಿಳಿಯಿತು.

"ಹೌದಮ್ಮ," ಎಂದ. "ನಿಂತ್ಹೋಯ್ತು."

ಸರಸ್ವತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಪ್ಯಾಂಟಿನ ಕಡೆಗೆ ಬಾಗಿದಳು. ಕತ್ತರಿಸಿಹೋದ ಕಡೆ ಅದೇ ಬಣ್ಣದ ಹೊಸ ಬಟ್ಟೆಯ ಪಟ್ಟಿ ಕೂಡಿಸಿ, ಎರಡು ಇಂಚು ಒಳಗೆ ಮಡಿಸಿ, ಹೊಲಿದಳು. ಮುಗಿಸಿ, ದಾರ ಹಲ್ಲಿನಿಂದ ಕಡಿದು, ಅವನ ಕೈಗೆ ಕೊಟ್ಟಳು.

"ಒಳಗೆ ಬಟ್ಟೆ ಬಿಟ್ಟಿದೀನಿ. ಮೈ ಬಂದ್ಮೇಲೆ ಬಿಚ್ಚಿಕೊಡ್ತೀನಿ. ಹಾಕ್ಕೊಂಡು ಬಾ, ತಿಂಡಿ ಆರೋಗುತ್ತೆ."

ಅವನು ಹಾಕಿಕೊಂಡು ಬಂದ. ಪ್ಯಾಂಟು ಎಲ್ಲೂ ಬಿಗಿಯಿಲ್ಲದೆ, ಎಲ್ಲೂ ಸಡಿಲವಿಲ್ಲದೆ ಸರಿಯಾಗಿ ಕೂತಿತ್ತು. ಸರಿಯಾಗಿದೆ ಎಂದು ತಾಯಿಗೆ ಹೇಳಿ ತಟ್ಟೆಯ ಮುಂದೆ ಕುಳಿತ. ರೊಟ್ಟಿ ಹತ್ತಿಯ ಹಾಗೆ ಮೆತ್ತಗಿತ್ತು. ಒಂದು ಮುಗಿದ ಮೇಲೆ ಎರಡನೆಯದನ್ನು ಅವನೇ ಕೇಳಿ ಹಾಕಿಸಿಕೊಂಡ.